ಆಖೈರು ಶಿಲ್ಕು ತೋರಿಸದ ಲೆಕ್ಕ: ಸರ್ಕಾರಿ ವಿಶ್ವವಿದ್ಯಾಲಯವೊಂದರ ಪದವಿ ಸೇವೆಯ ವಿಮರ್ಶೆ

ಆದಾಯ ತೆರಿಗೆ, ಲೆಕ್ಕಪರಿಶೋಧನೆ, ನಿರ್ವಹಣಾ ಲೆಕ್ಕಶಾಸ್ತ್ರ ಎಲ್ಲದರಲ್ಲೂ ತೇರ್ಗಡೆಯಾಗಿದ್ದ ನನ್ನ ಬಿ.ಕಾಂ. ಫಲಿತಾಂಶವನ್ನು 2024ರಲ್ಲಿ ವಿಶ್ವವಿದ್ಯಾಲಯವು ಮೂರು ತಿಂಗಳು ತಡೆಹಿಡಿದದ್ದು ಯೋಗದ ಕಾರಣಕ್ಕೆ. ವಾರಕ್ಕೆ ಎರಡು ಗಂಟೆಯಂತೆ ಕಾಲೇಜಿನ ಮೇಲ್ಮಹಡಿಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಾಡಿದ, ಒಂದೇ ಒಂದು ಕ್ರೆಡಿಟ್‌ನ ಆ ವಿಷಯದ ಆಂತರಿಕ ಅಂಕ ವಿಶ್ವವಿದ್ಯಾಲಯದ ದಾಖಲೆಗೆ ಏರಿರಲಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಆದ ಈ ಲೋಪ ಆರನೇ ಸೆಮಿಸ್ಟರಿನ ಫಲಿತಾಂಶ ಬರುವವರೆಗೆ ಕಾಲೇಜಿನ ಗಮನಕ್ಕಾಗಲಿ, ವಿಶ್ವವಿದ್ಯಾಲಯದ ಗಮನಕ್ಕಾಗಲಿ, ನನ್ನ ಗಮನಕ್ಕಾಗಲಿ ಬರಲಿಲ್ಲ. ಹೋಟೆಲು, ಮೊಬೈಲು, ಆಸ್ಪತ್ರೆಗಳ ಬಗ್ಗೆ ವಿಮರ್ಶೆ ಬರೆಯುವ ನಾವು ಮೂರು ವರ್ಷ ಶುಲ್ಕ ಕಟ್ಟಿ ಪಡೆಯುವ ಈ ಸೇವೆಯ ಬಗ್ಗೆ ಬರೆಯುವುದಿಲ್ಲ. ಆದ್ದರಿಂದ ಈ ಬರಹ.

ಯಾವ ವಿಶ್ವವಿದ್ಯಾಲಯ ಎಂಬುದನ್ನು ಹೇಳುವುದಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ಮೂರು ಭಾಗ ಮಾಡಿದ ಮೇಲೆ ನಗರದ ಮತ್ತು ಸುತ್ತಲಿನ ಪದವಿ ಕಾಲೇಜುಗಳು ಮೂರು ಕಡೆ ಹಂಚಿಹೋದವು. ಜೊತೆಗೆ ಕ್ಲಸ್ಟರ್ ವಿಶ್ವವಿದ್ಯಾಲಯ, ಸ್ವಾಯತ್ತ ಕಾಲೇಜುಗಳು ಎಂದು ಬೇರೆ ಬೇರೆ ಬಗೆಗಳಿವೆ. ಸಂಯೋಜಿತ ಕಾಲೇಜಿನಲ್ಲಿ ಓದುವವರಿಗೆ ಎರಡು ಮನೆ. ಪಾಠ, ಹಾಜರಿ, ಆಂತರಿಕ ಅಂಕ ಒಂದು ಮನೆಯಲ್ಲಿ. ಪರೀಕ್ಷೆ, ಅಂಕಪಟ್ಟಿ, ಪದವಿ ಪ್ರಮಾಣಪತ್ರ ಇನ್ನೊಂದು ಮನೆಯಲ್ಲಿ. ನನಗೆ ಆದ ತೊಂದರೆ ಈ ಎರಡು ಮನೆಗಳ ನಡುವಿನ ಓಣಿಯಲ್ಲಿ ಆದದ್ದು, ಹಾಗಾಗಿ ಗೆಳತಿಯರ ಅನುಭವವನ್ನು ಕೇಳಿದಾಗ ವಿಶ್ವವಿದ್ಯಾಲಯದ ಹೆಸರು ಬದಲಾದರೂ ಓಣಿ ಬದಲಾಗಿರಲಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ಕಡಿಮೆಯೇನಿಲ್ಲ. ನಾನು ಸೇರಿದ್ದು 2021–22ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ ಪದವಿ ತರಗತಿಗಳಲ್ಲಿ ಜಾರಿಗೆ ತಂದ ಮೊದಲ ವರ್ಷ. ನಮ್ಮದು ಪ್ರಯೋಗದ ತಂಡ ಎಂದು ಅಧ್ಯಾಪಕರೇ ನಗುತ್ತಾ ಹೇಳುತ್ತಿದ್ದರು. ಮುಖ್ಯ ವಿಷಯಗಳ ಜೊತೆ ಎರಡು ಭಾಷೆ, ಮುಕ್ತ ಆಯ್ಕೆಯ ವಿಷಯ, ಪರಿಸರ ಅಧ್ಯಯನ, ಭಾರತದ ಸಂವಿಧಾನ, ಡಿಜಿಟಲ್ ಕೌಶಲ, ಯೋಗ, ಆರೋಗ್ಯ, ಕೊನೆಗೆ ಇಂಟರ್ನ್‌ಶಿಪ್ ಇವೆಲ್ಲ ಸೇರಿ ಪದವಿಯಾಗಬೇಕಿತ್ತು. ಪಟ್ಟಿ ನೋಡಿದವರು ಮೂಗು ಮುರಿದದ್ದುಂಟು. ಆದರೆ ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿನಿಯಾದ ನಾನು ಮುಕ್ತ ಆಯ್ಕೆಗೆ ಇತಿಹಾಸವನ್ನು ತೆಗೆದುಕೊಂಡದ್ದರಿಂದಲೇ ಬೇಗೂರಿನ ನಾಗೇಶ್ವರ ದೇವಾಲಯದ ಆವರಣಕ್ಕೆ ಹೋಗಿ, ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ ಸುಮಾರು 9ನೇ ಶತಮಾನದ ಶಾಸನವನ್ನು ಕಣ್ಣಾರೆ ನೋಡಿದೆ. ಹುಟ್ಟಿದಂದಿನಿಂದ ಈ ಊರಿನಲ್ಲೇ ಇದ್ದು ಅಲ್ಲಿಯವರೆಗೆ ಬೇಗೂರು ಎಂದರೆ ನನಗೆ ಬಸ್ಸಿನ ಬೋರ್ಡಿನ ಮೇಲಿನ ಹೆಸರು ಮಾತ್ರವಾಗಿತ್ತು. ಪರಿಸರ ಅಧ್ಯಯನವೂ ಹಾಗೆಯೇ. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದ ಬೆನ್ನಿಗೆ ಪದವಿಗೆ ಬಂದ ಆ ವಿಷಯವನ್ನು ಹೆಚ್ಚಿನವರು ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಾರೆ, ನಾನೂ ಹಾಗೆಯೇ ಓದಿದೆ. ಆದರೂ ಅದು ಇರಬಾರದಿತ್ತು ಎಂದು ನನಗೆ ಅನಿಸಿಲ್ಲ.

ಕನ್ನಡದ ವಿಷಯ ಸ್ವಲ್ಪ ಗೊಂದಲದಲ್ಲಿತ್ತು. ಪದವಿಯಲ್ಲಿ ಕನ್ನಡ ಕಡ್ಡಾಯ ಎಂದು ಸರ್ಕಾರ 2021ರಲ್ಲಿ ಆದೇಶಿಸಿತು, ಅದು ಹೈಕೋರ್ಟ್ ಮೆಟ್ಟಿಲೇರಿ ಮಧ್ಯಂತರ ತಡೆಗೆ ಒಳಗಾಯಿತು. ಈ ನಡುವೆ ಬಿಹಾರದಿಂದ ಬಂದಿದ್ದ ನನ್ನ ಸಹಪಾಠಿಯೊಬ್ಬಳು ಕನ್ನಡ ಬಾರದವರಿಗಾಗಿ ಇದ್ದ ಕನ್ನಡ ಪಾಠವನ್ನು ಪೂರ್ತಿ ಮುಗಿಸಿಬಿಟ್ಟಿದ್ದಳು. ಈಗ ಆಕೆ ಆಟೋದವರೊಡನೆ ಚೌಕಾಸಿ ಮಾಡುವುದನ್ನು ಕೇಳಿದರೆ ನ್ಯಾಯಾಲಯದ ಯಾವ ತೀರ್ಪೂ ಆಕೆಗೆ ಬೇಕಿಲ್ಲವೆಂದು ತಿಳಿಯುತ್ತದೆ.

ಅಂದರೆ ಪದವಿ ಕೇಳುವ ಅಂಶಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅವುಗಳಲ್ಲಿ ಎಷ್ಟು ಪೂರೈಸಿದ್ದೇವೆ, ಎಷ್ಟು ಉಳಿದಿದೆ ಎಂಬುದನ್ನು ವಿದ್ಯಾರ್ಥಿಗೆ ತಿಳಿಸುವ ರೀತಿಯ ಬಗ್ಗೆ. ನಾನು ಈಗ ರಾಜಾಜಿನಗರದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಲೆಕ್ಕದ ಪುಸ್ತಕದ ಪ್ರತಿ ಪುಟದ ಕೊನೆಗೂ ಆಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಮೊತ್ತ, ಬರೆಯಬೇಕು, ಅದನ್ನೇ ಮುಂದಿನ ಪುಟದ ಮೇಲೆ ಆರಂಭದ ಶಿಲ್ಕಾಗಿ ತರಬೇಕು. ಚಿಲ್ಲರೆ ಅಂಗಡಿಯವರೂ ಇದನ್ನು ತಪ್ಪಿಸುವುದಿಲ್ಲ. ವಿಶ್ವವಿದ್ಯಾಲಯ ಕೊಡುವ ಆರು ಅಂಕಪಟ್ಟಿಗಳಾದರೋ ಆರು ಬಿಡಿ ಪುಟಗಳು. ಮೂರನೆಯದು ಎರಡನೆಯದನ್ನು ನೆನಪಿಟ್ಟುಕೊಂಡಿಲ್ಲ. ಇಂತಿಷ್ಟು ಕ್ರೆಡಿಟ್ ಬೇಕು, ಇಂತಿಷ್ಟು ಬಂದಿದೆ, ಭಾಷೆಯಲ್ಲಿ ಇಷ್ಟು, ಆಯ್ಕೆಯಲ್ಲಿ ಇಷ್ಟು, ಬಾಕಿ ಇಷ್ಟು ಎಂದು ಹೇಳುವ ಒಂದು ಸಾಲು ಅವುಗಳಲ್ಲಿ ಎಲ್ಲಿಯೂ ಇಲ್ಲ.

ಇದು ಏಕೆ ಮುಖ್ಯವೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆಯ ಪಾಠ, ಇಲ್ಲವೇ ಎರಡು ಗಂಟೆಯ ಪ್ರಾಯೋಗಿಕ ತರಗತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷದ ಆನರ್ಸ್ ಪದವಿಗೆ ಕನಿಷ್ಠ 160 ಕ್ರೆಡಿಟ್ ಬೇಕು. ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರುಗಳ ಸರಾಸರಿ ಗ್ರೇಡ್, ಲೆಕ್ಕ ಹಾಕುವಾಗ ಪ್ರತಿ ವಿಷಯದ ಗ್ರೇಡ್ ಅಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುತ್ತಾರೆ. 120 ಕ್ರೆಡಿಟ್‌ನ ಪದವಿಯಲ್ಲಿ ಒಂದು ಕ್ರೆಡಿಟ್‌ನ ವಿಷಯಕ್ಕೆ 9ರ ಬದಲು 6 ಬಂದರೆ ಸಿಜಿಪಿಎ ಇಳಿಯುವುದು 0.025 ಮಾತ್ರ, ಯಾರ ಕಣ್ಣಿಗೂ ಬೀಳದಷ್ಟು. ಹಾಗಾಗಿ ಸಣ್ಣ ವಿಷಯ ಎಂದು ವಿದ್ಯಾರ್ಥಿಯೂ ಅಸಡ್ಡೆ ಮಾಡುತ್ತಾನೆ, ಕಾಲೇಜೂ ಅಸಡ್ಡೆ ಮಾಡುತ್ತದೆ. ಆದರೆ ಪದವಿ ಪೂರ್ಣವಾಯಿತೇ ಎಂದು ನೋಡುವಾಗ ಸರಾಸರಿಯ ಔದಾರ್ಯ ಇಲ್ಲ. ಅಲ್ಲಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ. ಒಂದೇ ಅಂಕಪಟ್ಟಿಯಲ್ಲಿ ಎರಡು ಬಗೆಯ ಗಣಿತ ಇದೆ ಎಂಬುದನ್ನು ನಮಗೆ ಸೇರ್ಪಡೆಯ ದಿನ ಯಾರಾದರೂ ಹೇಳಿದ್ದರೆ ನಾನು ಒಂದು ಕ್ರೆಡಿಟ್‌ನ ಯೋಗವನ್ನು ಆದಾಯ ತೆರಿಗೆಯಷ್ಟೇ ಭಯಭಕ್ತಿಯಿಂದ ನೋಡುತ್ತಿದ್ದೆ.

ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎರಡನೇ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ ಯೋಗದ ಸಾಲು ಇತ್ತು. ಆ ವಿಷಯಕ್ಕೆ ಲಿಖಿತ ಪರೀಕ್ಷೆ ಇಲ್ಲದ್ದರಿಂದ ಪರೀಕ್ಷೆಯ ಕಾಲಂನಲ್ಲಿ ಒಂದು ಅಡ್ಡಗೆರೆ ಇತ್ತು, ಅದು ಸಹಜ. ಪಕ್ಕದ ಆಂತರಿಕ ಅಂಕದ ಕಾಲಂನಲ್ಲೂ ಅದೇ ಅಡ್ಡಗೆರೆ ಇತ್ತು, ಅದು ಸಹಜವಲ್ಲ. ಎರಡು ಗೆರೆಗಳೂ ಒಂದೇ ಅಳತೆ, ಒಂದೇ ಬಣ್ಣ. ಅನ್ವಯಿಸುವುದಿಲ್ಲ ಎನ್ನುವುದಕ್ಕೂ ಅಂಕ ಬಂದಿಲ್ಲ ಎನ್ನುವುದಕ್ಕೂ ಒಂದೇ ಚಿಹ್ನೆ ಬಳಸುವ ಪಟ್ಟಿಯನ್ನು ನಮ್ಮ ಕಚೇರಿಯಲ್ಲಿ ಯಾರಾದರೂ ಸಿದ್ಧಪಡಿಸಿದರೆ ಹಿರಿಯರು ಮೇಜಿನ ಮೇಲೆ ಎಸೆಯುತ್ತಾರೆ. ಆದರೂ ಲೆಕ್ಕ ಓದುತ್ತಿದ್ದವಳು ನಾನು, ನೋಡಬೇಕಿತ್ತು. ನೋಡಿದ್ದು ಒಟ್ಟು ಅಂಕ ಮತ್ತು ಶೇಕಡಾವಾರು ಮಾತ್ರ, ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೂ ಅಷ್ಟನ್ನೇ.

ಆನ್‌ಲೈನ್ ವ್ಯವಸ್ಥೆಯ ಬಗ್ಗೆ ಮಿಶ್ರ ಅಭಿಪ್ರಾಯ. ಪರೀಕ್ಷಾ ಅರ್ಜಿ, ಶುಲ್ಕ, ಪ್ರವೇಶ ಪತ್ರ, ಫಲಿತಾಂಶ ಎಲ್ಲವೂ ಫೋನಿನಲ್ಲಿ ಆಗುತ್ತದೆ. ಬ್ಯಾಂಕಿನ ಮುಂದೆ ಚಲನ್ ಹಿಡಿದು ಸಾಲಿನಲ್ಲಿ ನಿಂತಿದ್ದ ನನ್ನ ಚಿಕ್ಕಪ್ಪನಿಗೆ ಇದು ವರದಾನದಂತೆ ಕಾಣುತ್ತದೆ. ಇದರ ಜೊತೆಗೆ 2021ರಲ್ಲಿ ಯುಜಿಸಿ ನಿಯಮ ಮಾಡಿದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಇದೆ. ಡಿಜಿಲಾಕರ್ ಮೂಲಕ ಖಾತೆ ತೆರೆದರೆ 12 ಅಂಕಿಗಳ ಸಂಖ್ಯೆ ಸಿಗುತ್ತದೆ, ಗಳಿಸಿದ ಕ್ರೆಡಿಟ್‌ಗಳು ಆ ಖಾತೆಗೆ ಜಮೆಯಾಗಿ ಗರಿಷ್ಠ 7 ವರ್ಷ ಚಾಲ್ತಿಯಲ್ಲಿರುತ್ತವೆ. ಹೆಸರೇ ಬ್ಯಾಂಕ್ ಆದ್ದರಿಂದ ಇಲ್ಲಿಯಾದರೂ ಶಿಲ್ಕು ಕಾಣಬಹುದೆಂದು ನಾನು ಆಸೆಯಿಂದ ತೆರೆದೆ. ತೆರೆಯುವಾಗಲೇ ತಡೆ ಬಂತು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಹೆಸರಿನ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರಾಗಿ ಕೊನೆಗೆ ಹೋಗಿದೆ. ಕಾಲೇಜಿನ ದಾಖಲೆ ಎಸ್ಸೆಸ್ಸೆಲ್ಸಿಯಂತೆ, ಬ್ಯಾಂಕಿನ ಖಾತೆ ಆಧಾರ್‌ನಂತೆ. ಕನ್ನಡಿಗರಲ್ಲಿ ಅರ್ಧಕ್ಕರ್ಧ ಜನರ ಹೆಸರಿನ ಕಥೆ ಇದೇ ಆಗಿರುವಾಗ ಇದನ್ನು ಮೊದಲೇ ಯೋಚಿಸದವರ ಬಗ್ಗೆ ನನಗೆ ಆಶ್ಚರ್ಯವಿದೆ. ಆಧಾರ್ ತಿದ್ದಿಸಿ ಖಾತೆ ಜೋಡಿಸುವ ಹೊತ್ತಿಗೆ ಐದನೇ ಸೆಮಿಸ್ಟರ್ ಮುಗಿದಿತ್ತು, ಮತ್ತು ಖಾತೆಯಲ್ಲಿ ಆಗ ಕಂಡದ್ದು ಎರಡು ಸೆಮಿಸ್ಟರಿನ ಜಮೆ ಮಾತ್ರ.

ಇನ್ನು ಆ ಮೂರು ತಿಂಗಳು. ಫಲಿತಾಂಶ ತಡೆಹಿಡಿಯಲಾಗಿದೆ ಎಂಬ ಸಾಲು ಪರದೆಯ ಮೇಲೆ ಕಂಡ ಮರುದಿನ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋದೆ. ಕಾರಣವನ್ನು ಆ ಸಾಲು ಹೇಳಿರಲಿಲ್ಲ. ಮೂರನೇ ಕಿಟಕಿಯಲ್ಲಿದ್ದವರು ನನ್ನ ನೋಂದಣಿ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಒತ್ತಿ, ಕನ್ನಡಕವನ್ನು ಹಣೆಗೆ ಏರಿಸಿ, ‘ಸೆಕೆಂಡ್ ಸೆಮ್ ಯೋಗದ್ದು ಐಎ ಬಂದಿಲ್ಲಮ್ಮ, ಕಾಲೇಜಿಂದ ಲೆಟರ್ ತಗೊಂಡ್ ಬನ್ನಿ’ ಎಂದರು. ಐಎ ಎಂದರೆ ಆಂತರಿಕ ಅಂಕ. ಒಂದು ನಿಮಿಷವೂ ಹಿಡಿಯಲಿಲ್ಲ. ಅವರ ಪರದೆಯ ಮೇಲೆ ಎಲ್ಲವೂ ಸ್ಪಷ್ಟವಾಗಿ ಇತ್ತು. ಅವರಿಗೆ ಕಾಣುವುದು ನನಗೆ ಎರಡು ವರ್ಷ ಮೊದಲೇ ಕಂಡಿದ್ದರೆ ಈ ವಿಮರ್ಶೆಯ ಅಗತ್ಯವೇ ಇರುತ್ತಿರಲಿಲ್ಲ.

ಕಾಲೇಜಿನಲ್ಲಿ ಯೋಗ ಕಲಿಸಿದ ಅತಿಥಿ ಉಪನ್ಯಾಸಕರು ಬೇರೆ ಊರಿಗೆ ಹೋಗಿದ್ದರು. ಅವರು ಅಂಕ ಬರೆದಿಟ್ಟ ಪುಸ್ತಕ ದೈಹಿಕ ಶಿಕ್ಷಣ ವಿಭಾಗದ ಬೀರುವಿನಲ್ಲಿ, ಕ್ರಿಕೆಟ್ ಪ್ಯಾಡುಗಳ ಕೆಳಗೆ ಸಿಕ್ಕಿತು. ಅದನ್ನು ಹುಡುಕಿಕೊಟ್ಟ ಅಟೆಂಡರ್ ಒಬ್ಬರು ಇಡೀ ಪ್ರಕರಣದಲ್ಲಿ ನನಗೆ ಕುರ್ಚಿ ಕೊಟ್ಟ ಏಕೈಕ ವ್ಯಕ್ತಿ. ಪುಸ್ತಕದಲ್ಲಿ ನಮ್ಮ ವಿಭಾಗದ ಎಲ್ಲರ ಅಂಕ ಇತ್ತು. ಕಂಪ್ಯೂಟರಿಗೆ ಏರಿಸುವಾಗ ಪುಟದ ಕೊನೆಯ ನಾಲ್ಕು ಹೆಸರು ಬಿಟ್ಟುಹೋಗಿತ್ತು, ಅಷ್ಟೆ. ಪ್ರಾಂಶುಪಾಲರ ಸಹಿಯ ಮುಖಪತ್ರ, ಪುಸ್ತಕದ ಆ ಪುಟದ ದೃಢೀಕೃತ ಪ್ರತಿ, ವಿಳಂಬಕ್ಕೆ ವಿವರಣೆ ಇವನ್ನು ಹಿಡಿದು ಮತ್ತೆ ಮೂರನೇ ಕಿಟಕಿ. ಅಲ್ಲಿಂದ ಕಡತ ಮೌಲ್ಯಮಾಪನ ಕುಲಸಚಿವರ ಕಚೇರಿಗೆ. ನಂತರದ ವಾರಗಳಲ್ಲಿ ನಾನು ಕೇಳಿದ ಉತ್ತರಗಳು ಎರಡೇ: ‘ಫೈಲ್ ಮೂವ್ ಆಗಿದೆ’ ಮತ್ತು ‘ಫೈಲ್ ಮೇಲಿದೆ’. ಒಟ್ಟು ಒಂಬತ್ತು ಸಲ ಓಡಾಡಿದೆ. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಬರಲಿಲ್ಲ ಎಂಬುದು ನಿಜ, ಆದರೆ ಆಗಷ್ಟೇ ಸಿಕ್ಕಿದ್ದ ಒಂದು ಕೆಲಸ ಪ್ರಾವಿಷನಲ್ ಪ್ರಮಾಣಪತ್ರ ಇಲ್ಲದ ಕಾರಣಕ್ಕೆ ಕೈತಪ್ಪಿತು. ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯನ್ನು 2011ರಲ್ಲೇ ಮಾಡಿದ ರಾಜ್ಯದಲ್ಲಿ, ಅರ್ಜಿ ಕೊಟ್ಟಾಗ ಒಂದು ಸಂಖ್ಯೆಯನ್ನೂ ಒಂದು ದಿನಾಂಕವನ್ನೂ ಬರೆದುಕೊಡಿ ಎಂದು ಕೇಳಿದ್ದಕ್ಕೆ ಕಿಟಕಿಯಲ್ಲಿದ್ದವರು ನಕ್ಕದ್ದು ನನಗೆ ಇನ್ನೂ ಮರೆತಿಲ್ಲ. ಅವರು ಕೆಟ್ಟವರಲ್ಲ, ಆ ದಿನ ಅವರ ಕಿಟಕಿಯ ಮುಂದೆ ನನ್ನ ಹಿಂದೆಯೇ ನಲವತ್ತು ಮಂದಿ ಇದ್ದರು.

ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ನಮ್ಮಲ್ಲಿ ಹಲವರ ಪಾಲಿಗೆ ಮಾರ್ಗದರ್ಶನ ಕೇಂದ್ರ ಅದೇ. ಅಂಗಡಿಯ ಅಣ್ಣ ಪರೀಕ್ಷಾ ಅರ್ಜಿ ತುಂಬಿಸಲು 30 ರೂಪಾಯಿ ತೆಗೆದುಕೊಳ್ಳುತ್ತಾರೆ. ಯಾವ ಸೆಮಿಸ್ಟರಿಗೆ ಯಾವ ಆಯ್ಕೆ ವಿಷಯ ಒತ್ತಬೇಕು, ಹಿಂದಿನ ವಿಷಯ ಉಳಿದಿದ್ದರೆ ಯಾವ ಅರ್ಜಿ, ಮರುಮೌಲ್ಯಮಾಪನಕ್ಕೂ ಉತ್ತರ ಪತ್ರಿಕೆಯ ನಕಲು ಪಡೆಯುವುದಕ್ಕೂ ಏನು ವ್ಯತ್ಯಾಸ ಇವೆಲ್ಲ ಅವರಿಗೆ ಕಂಠಪಾಠ. ‘ಮುಕ್ತ ಆಯ್ಕೆಗೆ ನಿನ್ನ ಕಾಮರ್ಸ್‌ದೇ ಒತ್ತಬೇಡ, ಬೇರೆ ಡಿಪಾರ್ಟ್‌ಮೆಂಟ್ದು ಒತ್ತು’ ಎಂದು ನನಗೆ ಮೊದಲು ಹೇಳಿದವರು ಅವರೇ. ಬೇಗೂರಿನ ಶಾಸನಕ್ಕೆ ನಾನು ಅವರಿಗೂ ಋಣಿ. ಹಾಗೆಂದು ಅವರನ್ನು ಹೊಗಳಿ ಅಟ್ಟಕ್ಕೇರಿಸಲಾರೆ. ನನ್ನ ಗೆಳತಿಯೊಬ್ಬಳ ಅರ್ಜಿಯಲ್ಲಿ ಹಿಂದಿ ಭಾಷೆಯ ಬದಲು ಸಂಸ್ಕೃತ ಒತ್ತಿ, ಅದನ್ನು ಬದಲಿಸಲು ಆಕೆ ದಂಡ ಕಟ್ಟಬೇಕಾಯಿತು. ಅರ್ಜಿಯ ಕೊನೆಯ ಪುಟವನ್ನು ಓದದೆ ಒಪ್ಪಿಗೆಯ ಗುಂಡಿ ಒತ್ತಿಸಬೇಡಿ. 30 ರೂಪಾಯಿಯ ಸೇವೆಗೆ ಹೊಣೆಗಾರಿಕೆ ಸೇರಿರುವುದಿಲ್ಲ.

ಹಾಜರಿ ನಿಯಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇಕಡಾ 75 ಇರಬೇಕು, ನನ್ನ ಕಾಲೇಜಿನಲ್ಲಿ ಅದನ್ನು ಫಲಕದಲ್ಲಿ ಪ್ರತಿ ತಿಂಗಳೂ ಹಾಕುತ್ತಿದ್ದರು. ಹಾಜರಿಗೆ ಮಾಡಬಲ್ಲ ಕೆಲಸವನ್ನು ಕ್ರೆಡಿಟ್‌ಗೆ ಏಕೆ ಮಾಡಲಾಗದು ಎಂಬುದೇ ನನ್ನ ಪ್ರಶ್ನೆ.

ಈಗ ಸೇರಿರುವವರಿಗೆ ನಿಯಮಗಳು ಮತ್ತೆ ಬದಲಾಗಿವೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಸರ್ಕಾರವು 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿ, 2024–25ರಿಂದ ಮೂರು ವರ್ಷದ ಪದವಿಗೆ ಮರಳಿತು. ಅದಕ್ಕೆ ಮೊದಲು ಸೇರಿದವರಿಗೆ ಹಳೆಯ ಪಠ್ಯಕ್ರಮವೇ ಮುಂದುವರಿಯಿತು. ಅಂದರೆ ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಎರಡು ಬಗೆಯ ಪದವಿಯವರು ಓಡಾಡುತ್ತಿದ್ದರು, ಮತ್ತು ಹಿರಿಯ ಅಕ್ಕ ಹೇಳಿದ ಸಲಹೆ ಕಿರಿಯಳಿಗೆ ಅನ್ವಯಿಸುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಸೇರ್ಪಡೆಯ ವರ್ಷವನ್ನು ಮೇಲೆ ಮುದ್ರಿಸಿದ, ಎರಡು ಪುಟದ ಕನ್ನಡ ಕೈಪಿಡಿಯೊಂದನ್ನು ಪ್ರತಿಯೊಬ್ಬರ ಕೈಗೆ ಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ನನಗೆ ಸಿಕ್ಕಿದ್ದು ಜಾಲತಾಣದಲ್ಲಿದ್ದ ಇಂಗ್ಲಿಷ್ ನಿಯಮಾವಳಿಯ ಸ್ಕ್ಯಾನ್ ಪ್ರತಿ. ಅದರ ಕೆಲವು ಪುಟಗಳು ತಲೆಕೆಳಗಾಗಿದ್ದವು.

ಅಂಕ ಕೊಡುವುದಾದರೆ, ಪದವಿಯ ರಚನೆಗೂ ಪಾಠಕ್ಕೂ ಐದಕ್ಕೆ ನಾಲ್ಕು. ಅಷ್ಟು ಕಡಿಮೆ ಶುಲ್ಕಕ್ಕೆ ಅಷ್ಟು ಒಳ್ಳೆಯ ಅಧ್ಯಾಪಕರು, ಅದರಲ್ಲೂ ವೆಚ್ಚ ಲೆಕ್ಕಶಾಸ್ತ್ರ ಕಲಿಸಿದ ಮೇಡಂ, ನಾನು ಕೆಲಸದಲ್ಲಿ ಪ್ರತಿದಿನ ನೆನೆಯುವಂಥವರು. ಆನ್‌ಲೈನ್ ವ್ಯವಸ್ಥೆಗೆ ಮೂರು. ಪದವಿ ಪೂರ್ಣಗೊಂಡಿದೆಯೇ ಎಂದು ತಿಳಿಸುವ ಸೇವೆಗೆ ಒಂದು, ಅದೂ ಬೀರು ತೆರೆದ ಅಟೆಂಡರ್ ಅವರ ಲೆಕ್ಕದಲ್ಲಿ.

ನನ್ನ ಚಿಕ್ಕಮ್ಮನ ಮಗಳು ಈಗ ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ. ಕಳೆದ ಭಾನುವಾರ ಮನೆಗೆ ಬಂದಿದ್ದಾಗ ಅವಳ ಎರಡು ಅಂಕಪಟ್ಟಿಗಳನ್ನು ಊಟದ ಮೇಜಿನ ಮೇಲೆ ಹರಡಿ, ಒಂದು ಹಾಳೆಯಲ್ಲಿ ವಿಷಯ, ಕ್ರೆಡಿಟ್, ಆಂತರಿಕ, ಪರೀಕ್ಷೆ ಎಂದು ನಾಲ್ಕು ಕಾಲಂ ಎಳೆದು, ಸಾಲುಸಾಲಾಗಿ ಇಳಿಸಿದೆವು. ಮೊದಲ ಸೆಮಿಸ್ಟರ್ ಸರಿಯಾಗಿತ್ತು. ಎರಡನೆಯದರ ಆರನೇ ಸಾಲಿನಲ್ಲಿ ಎರಡು ಅಡ್ಡಗೆರೆಗಳಿದ್ದವು. ‘ಅಕ್ಕ, ಇದು ಹಂಗೇ ಇರತ್ತೆ, ಎಲ್ಲರದ್ದೂ ಹಂಗೇ ಇದೆ’ ಎಂದಳು. ಫೋನ್ ಮಾಡಿಸಿ ಪಕ್ಕದ ಬೆಂಚಿನವಳ ಅಂಕಪಟ್ಟಿಯ ಫೋಟೋ ತರಿಸಿದೆ. ಅವಳದರಲ್ಲಿ ಒಂದೇ ಗೆರೆ ಇತ್ತು, ಪಕ್ಕದಲ್ಲಿ 21 ಎಂಬ ಅಂಕವಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಹುಡುಗಿ ಕಾಲೇಜಿನ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತಿದ್ದಳು.